ಪದಚರ್ಚೆ: ಪುಟ ‘ಸರಿಸು’, ಕರ್ಸರ್ ‘ದಾಟಿಸು’ – ಒಪ್ಪಬಹುದೇ?

ಸ್ನೇಹಿತರೇ,

ಶಿರಸಿ ಸುತ್ತಿನ ಸಹಕಾರಿ ಸಂಘಗಳ ಗುಮಾಸ್ತರಿಗೆ ಮೈಕ್ರೋಸಾಫ್ಟ್ ವರ್ಡ್ ಕಲಿಸಲು ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಮೌಸ್ ಮುಟ್ಟದೆ, ಕೀಬೋರ್ಡಿನಿಂದಲೇ ದೊಡ್ಡ ಫೈಲಿನೊಳಗೆ ಓಡಾಡುವ ಪಾಠ ಬಂದಾಗ ಮಾತು ಸಾಲದೆ ನಿಂತಿದ್ದೇನೆ. ನಿಮ್ಮ ಸಲಹೆ ಬೇಕು.

‘ಕೆಳಗೆ ಹೋಗಿ’ ಅಂದರೆ ಸಾಕಲ್ವಾ ಅನ್ನಬಹುದು. ಸಾಲುವುದಿಲ್ಲ. ಮೊನ್ನೆ ಒಬ್ಬರು ಸಭೆಯ ನಡಾವಳಿ ತಯಾರು ಮಾಡುತ್ತಿದ್ದರು. ಮೌಸಿನ ಚಕ್ರ ತಿರುಗಿಸಿ ಕೊನೆಯ ಪುಟಕ್ಕೆ ಬಂದರು. ಆಮೇಲೆ ಕೈಬರಹದ ಹಾಳೆ ನೋಡಿಕೊಂಡು ಹೊಸ ಠರಾವು ಟೈಪ್ ಮಾಡಿದರು. ತಲೆ ಎತ್ತಿದರೆ ಠರಾವು ಮೊದಲ ಪುಟದ ಹಾಜರಿ ಪಟ್ಟಿಯ ನಡುವೆ ಕೂತಿದೆ! ಚಕ್ರ ತಿರುಗಿಸಿದಾಗ ಸರಿದದ್ದು ಪುಟ ಮಾತ್ರ. ಕರ್ಸರ್, ಅಂದರೆ ಟೈಪ್ ಮಾಡಿದ್ದು ಬೀಳುವ ಜಾಗ ತೋರಿಸುವ ಮಿನುಗುವ ಗೆರೆ, ಇದ್ದಲ್ಲೇ ಇತ್ತು. ಕಂಟ್ರೋಲ್ ಹಿಡಿದು ಎಂಡ್ ಒತ್ತಿದ್ದರೆ ಕರ್ಸರೇ ಕೊನೆಗೆ ಬರುತ್ತಿತ್ತು. ಎರಡನ್ನೂ ‘ಹೋಗು’ ಅಂತಲೇ ಕಲಿಸಿದರೆ ಪಾಪ ಅವರಾದರೂ ಏನು ಮಾಡಬೇಕು?

ಹಾಗಾಗಿ ಪುಟಕ್ಕೆ ‘ಸರಿಸು’, ಕರ್ಸರಿಗೆ ‘ದಾಟಿಸು’ ಅಂತ ಇಟ್ಟುಕೊಂಡಿದ್ದೇನೆ. ಕಂಟ್ರೋಲ್ ಜೊತೆ ಬಲಗಡೆಯ ಆರೋ (ಬಾಣದ ಗುರುತಿನ) ಕೀ ಒತ್ತಿದರೆ ಕರ್ಸರ್ ಒಂದು ಪದ ದಾಟುತ್ತದೆ, ಕೆಳಗಿನ ಆರೋ ಒತ್ತಿದರೆ ಒಂದು ಪ್ಯಾರಾ. ಅಡಿಕೆ ಕೊನೆ ಕೊಯ್ಯುವ ಕೊನೆಗೌಡರು ನೆಲಕ್ಕೆ ಇಳಿಯದೆ ಮರದಿಂದ ಮರಕ್ಕೆ ದಾಟುವುದನ್ನು ಇಲ್ಲಿ ನೋಡದವರಿಲ್ಲ, ಹೇಳಿದ ಕೂಡಲೇ ತಿಳಿಯುತ್ತದೆ. ‘ಪದ’ ಅಂದರೆ ಇಲ್ಲಿ ಖಾಲಿ ಜಾಗ ಅಥವಾ ಅಲ್ಪವಿರಾಮದಂಥ ಚಿಹ್ನೆಗಳ ನಡುವಿನದು ಅಂತಲೂ ಬರೆಯಬೇಕು. ‘ಬರಬೇಕಾಗಿರುವುದರಿಂದ’ ಎಷ್ಟು ಉದ್ದವಿದ್ದರೂ ಒಂದೇ ಸಲಕ್ಕೆ ದಾಟಿಹೋಗುತ್ತದೆ.

‘ಜಿಗಿ’ ಅನ್ನುವುದನ್ನು ಕಂಟ್ರೋಲ್ ಮತ್ತು ಜಿ ಒತ್ತಿ, ಪುಟದ ಸಂಖ್ಯೆ ಕೊಟ್ಟು ನೇರ 40ನೇ ಪುಟಕ್ಕೆ ಹೋಗುವುದಕ್ಕೆ ಉಳಿಸಿದ್ದೇನೆ. ಈ ಓಡಾಟಕ್ಕೆಲ್ಲ (ನ್ಯಾವಿಗೇಶನ್) ‘ಸಂಚರಣೆ’ ಅನ್ನುವುದು ಖಂಡಿತ ಬೇಡ. ಕಚೇರಿಯಲ್ಲಿ ಯಾರೂ ಆ ಮಾತು ಆಡುವುದಿಲ್ಲ.

ಹೋಮ್, ಎಂಡ್ ಕೀಗಳ ಹೆಸರು ಹಾಗೇ ಇರಲಿ, ಕೀ ಮೇಲೆ ಅದೇ ಬರೆದಿರುತ್ತದೆ. ಆದರೆ ಬರೀ ಎಂಡ್ ಒತ್ತಿದರೆ ಸಾಲು ಮುಗಿಯುವಲ್ಲಿಗೆ, ಕಂಟ್ರೋಲ್ ಸೇರಿಸಿದರೆ ಫೈಲ್ ಮುಗಿಯುವಲ್ಲಿಗೆ. ಸಾಲಿಗೆ ‘ತುದಿ’, ಫೈಲಿಗೆ ‘ಕೊನೆ’ ಅಂತ ಬೇರೆ ಮಾಡಿದರೆ ಗೊಂದಲ ಕಡಿಮೆ ಆದೀತು.

ಏನೂ ಹೊಳೆಯದೆ ಇರುವುದು ಶಿಫ್ಟ್ ಮತ್ತು ಎಫ್5ಕ್ಕೆ. ವರ್ಡ್‌ನಲ್ಲಿ ಇದು ಕಳೆದ ಸಲ ತಿದ್ದುತ್ತಿದ್ದ ಜಾಗಕ್ಕೆ ಕರ್ಸರನ್ನು ಒಯ್ಯುತ್ತದೆ. ಮುಚ್ಚಿಟ್ಟ ಫೈಲನ್ನು ಮಾರನೇ ದಿನ ತೆರೆದಾಗ ತುಂಬ ಉಪಯೋಗ. ‘ಹಿಂದಕ್ಕೆ ಹೋಗು’ ಅಂದರೆ ಮಾಡಿದ್ದನ್ನು ರದ್ದು ಮಾಡುವುದು ಅಂತ ತಿಳಿಯುತ್ತಾರೆ. ‘ಬಿಟ್ಟ ಜಾಗಕ್ಕೆ’ ಅಂದರೆ ಖಾಲಿ ಬಿಟ್ಟ ಜಾಗವೋ ಅನ್ನುತ್ತಾರೆ. ಕಾರವಾರ, ಕುಮಟಾ ಕಡೆ ದಿನವಿಡೀ ಟೈಪ್ ಮಾಡುವವರು ಇದಕ್ಕೆ ಬಾಯಲ್ಲಿ ಏನನ್ನುತ್ತೀರಿ?