ಸ್ಕೀ ಕ್ಲಾಸಿಗೆ ಸೇರಿಸೋದಾ, ನಾವೇ ಕಲಿಸೋದಾ?

ಪಲ್ಲವಿ, ನಿನ್ನ ಮೆಸೇಜ್ ಬೆಳಿಗ್ಗೆನೇ ನೋಡಿದೆ ಕಣೇ. ಎರಡು ಸಾಲಲ್ಲಿ ಉತ್ತರ ಹಾಕಿ ಮುಗಿಸೋಕೆ ಮನಸ್ಸಾಗಲಿಲ್ಲ. ಈಗ ಮಕ್ಕಳಿಬ್ಬರೂ ಮಲಗಿದ್ದಾರೆ, ಮನೆ ಸದ್ದಿಲ್ಲದೆ ಇದೆ, ನಿಧಾನವಾಗಿ ಹೇಳ್ತೀನಿ. ಉದ್ದ ಆಗುತ್ತೆ. ಈ ಗ್ರೂಪಲ್ಲಿ ಸ್ಕೀ ಸುದ್ದಿ ಬೇಡದವರು ಮುಂದೆ ಹೋಗಿ, ಬೇಜಾರಿಲ್ಲ.

ನೀನು ಕೇಳಿದ್ದು ಇಷ್ಟು ಅಲ್ವಾ: ಚಿನ್ನುಗೆ ನಾಲ್ಕು ತುಂಬಿತು, ಈ ಚಳಿಗಾಲ ಸ್ಕೀ (ಕಾಲಿಗೆ ಉದ್ದ ಪಟ್ಟಿ ಕಟ್ಟಿಕೊಂಡು ಹಿಮದ ಇಳಿಜಾರಲ್ಲಿ ಜಾರೋದು, ಆ ಪಟ್ಟಿಗೂ ಸ್ಕೀ ಅಂತಾನೇ ಹೆಸರು) ಕಲಿಸೋಣ ಅಂತಿದ್ದೀರಿ, ಕ್ಲಾಸಿಗೆ ಸೇರಿಸೋದಾ ನೀವೇ ಕಲಿಸೋದಾ ಅಂತ. ಅದರ ಕೆಳಗೇ ದೊಡ್ಡಪ್ಪ, "ಅಷ್ಟು ಚಿಕ್ಕ ಮಗುವಿನ ಕಾಲು ಮುರಿದ್ರೆ ಏನು ಗತಿ" ಅಂತ ಹಾಕಿದ್ದಾರೆ. ದೊಡ್ಡಪ್ಪ, ನಿಮಗೂ ಉತ್ತರ ಇದೆ, ಸ್ವಲ್ಪ ತಾಳಿ.

ಕ್ಲಾಸಿಗೆ ಸೇರಿಸು. ಅದರಲ್ಲಿ ನನಗೆ ಅನುಮಾನ ಇಲ್ಲ. ತಿರುಗೋದು, ಬೆಟ್ಟ ಏರಿಸೋ ಲಿಫ್ಟ್ ಹತ್ತೋದು, ಸಾಲಲ್ಲಿ ಬರೋದು, ಇದೆಲ್ಲ ಟೀಚರ್ ಹತ್ತಿರ ಬೇಗ ಬರುತ್ತೆ. ನಮ್ಮ ಹತ್ತಿರ ಮಾಡೋ ಹಟವನ್ನು ಮಕ್ಕಳು ಅವರ ಹತ್ತಿರ ಮಾಡಲ್ಲ. ಆದರೆ ಮೊದಲ ಎರಡು ಮೂರು ದಿನ ಮಾತ್ರ ಯಾರಿಗೂ ಬಿಟ್ಟುಕೊಡಬೇಡ. ನಿಮಗಿಬ್ಬರಿಗೂ ಸ್ಕೀ ಬರುತ್ತೆ, ಧೈರ್ಯವಾಗಿ ಮಾಡಬಹುದು. ಬರದೇ ಇದ್ದಿದ್ದರೆ ಈ ಮಾತು ಹೇಳ್ತಿರಲಿಲ್ಲ.

ನಾನು ದೊಡ್ಡವಳಿಗೆ ಕಲಿಸಿದ ಮೊದಲ ದಿನ ಕೇಳು. ಬೆಳೆಯೋ ಕಾಲು, ಮುಂದಿನ ವರ್ಷಕ್ಕೂ ಆಗಲಿ ಅಂತ ಬೂಟನ್ನು ಒಂದು ಸೈಜ್ ದೊಡ್ಡದೇ ತಂದಿದ್ದೆ. ಸಡಿಲ ಆಯ್ತಲ್ಲ ಅಂತ ಎರಡು ದಪ್ಪ ಸಾಕ್ಸ್ ಹಾಕಿಸಿದೆ. ಎಲ್ಲ ತೊಡಿಸಿ, ಬಕಲ್ ಹಾಕಿ, ಹೆಲ್ಮೆಟ್ ಕಟ್ಟಿ, ಬೆವರು ಒರೆಸಿಕೊಂಡು ಎದ್ದು ನಿಂತರೆ, "ಅಮ್ಮಾ, ಸುಸ್ಸು." ಎಲ್ಲ ಬಿಚ್ಚಿ ಮತ್ತೆ ಮೊದಲಿಂದ. (ಇದು ನಿನಗೂ ಆಗುತ್ತೆ. ಮೊದಲೇ ಕರ್ಕೊಂಡು ಹೋದರೂ ಆಗುತ್ತೆ.) ಕೊನೆಗೆ ಹಿಮದ ಮೇಲೆ ನಿಲ್ಲಿಸಿದೆ. ಅವಳು ಕಾಲು ತಿರುಗಿಸ್ತಾಳೆ, ಸ್ಕೀ ತಿರುಗಲ್ಲ. ಬೂಟಿನೊಳಗೆ ಪಾದ ಸುಮ್ನೆ ಸುತ್ತುತ್ತಿದೆ. "ಅಮ್ಮಾ, ಈ ಶೂ ನನ್ನ ಮಾತು ಕೇಳ್ತಿಲ್ಲ" ಅಂದಳು. ಸರಿಯಾಗೇ ಹೇಳಿದ್ದಳು ಪಾಪ. ನಾನು ನೆಪ ಹೇಳ್ತಿದ್ದಾಳೆ ಅಂದುಕೊಂಡೆ.

ಆಮೇಲೆ ಇನ್ನೊಂದು ತಪ್ಪು. ನನ್ನ ಕಾಲುಗಳ ಮಧ್ಯೆ ನಿಲ್ಲಿಸಿಕೊಂಡು, ಕಂಕುಳಲ್ಲಿ ಹಿಡಿದು ಇಳಿಸಿದೆ. ನೋಡೋಕೆ ಚೆಂದ, ಫೋಟೋ ಕೂಡ ಬಂತು. ಆದರೆ ಮಗು ನಮ್ಮ ಮೇಲೆ ಒರಗಿಬಿಡುತ್ತೆ, ಭಾರವೆಲ್ಲ ಹಿಮ್ಮಡಿಗೆ ಬೀಳುತ್ತೆ. ಸ್ಕೀ ಮಾತು ಕೇಳಬೇಕಾದರೆ ಭಾರ ಮುಂದೆ ಇರಬೇಕು, ಕಣಕಾಲು ಬೂಟಿನ ನಾಲಿಗೆಗೆ ಒತ್ತಿರಬೇಕು. ಹಿಂದೆ ಒರಗಿದರೆ ಸ್ಕೀ ಓಡುತ್ತೆ, ತಿರುಗಲ್ಲ. ಹಿಂದಿನಿಂದ ಹಿಡಿಯೋ ಬೆಲ್ಟು-ಹಗ್ಗ ಬರುತ್ತಲ್ಲ, ಅದನ್ನು ಬಿಗಿಯಾಗಿ ಎಳೆದುಕೊಂಡೇ ಇದ್ದರೂ ಇದೇ ಕಥೆ. ಆ ಸಂಜೆ ನನಗೆ ಸೊಂಟ ನೋವು, ಅವಳು "ನಾಳೆ ಬರಲ್ಲ" ಅಂತ ಮುಖ ತಿರುಗಿಸಿ ಮಲಗಿದಳು.

ಹಾಗಾಗಿ ಬೂಟಿನ ವಿಷಯ ಗಟ್ಟಿಯಾಗಿ ಹೇಳ್ತೀನಿ. ಸ್ಕೀ ಬೂಟಿನ ಅಳತೆ ಪಾದದ ಉದ್ದ, ಸೆಂಟಿಮೀಟರಲ್ಲಿ. ಒಳಗಿನ ಮೆತ್ತೆ ಹೊರಗೆ ತೆಗೆದು, ಬರೀ ಪ್ಲಾಸ್ಟಿಕ್ ಚಿಪ್ಪಿನಲ್ಲಿ ಮಗುವಿನ ಪಾದ ಇಟ್ಟು ನೋಡು. ಹೆಬ್ಬೆರಳು ಮುಂದೆ ತಾಗಿಸಿದಾಗ ಹಿಮ್ಮಡಿ ಹಿಂದೆ ಒಂದೆರಡು ಬೆರಳು ಹಿಡಿಸೋಷ್ಟು ಜಾಗ ಇದ್ದರೆ ಸಾಕು. ಸಾಕ್ಸ್ ಒಂದೇ ಜೊತೆ, ತೆಳ್ಳಗಿನದು, ಮಂಡಿವರೆಗೆ. ಎರಡು ಹಾಕಿದರೆ ಬೆಚ್ಚಗಿರಲ್ಲ, ರಕ್ತ ಓಡಾಡೋಕೆ ಜಾಗ ಇಲ್ಲದೆ ಕಾಲು ಇನ್ನೂ ತಣ್ಣಗಾಗುತ್ತೆ. ಸ್ಕೀ ಎದೆಯಿಂದ ಗಲ್ಲದ ಮಧ್ಯೆ ಎಲ್ಲಾದರೂ ಬರಲಿ, ಉದ್ದ ಬೇಡ. ಕೈಗೆ ಕೋಲು ಬೇಡವೇ ಬೇಡ, ಅದನ್ನು ಕತ್ತಿ ಮಾಡಿಕೊಂಡು ಆಡ್ತಾರೆ. ಗ್ಲೌಸ್ ನಾಲ್ಕು ಬೆರಳೂ ಒಟ್ಟಿಗೆ ಹೋಗೋ ಥರದ್ದು ತಗೋ, ತೊಡಿಸೋಕೆ ಸುಲಭ, ಬೆಚ್ಚಗೂ ಇರುತ್ತೆ. ಸನ್‌ಸ್ಕ್ರೀನ್ ಮರೀಬೇಡ. ಹೊಸ ಹಿಮ ಬಿಸಿಲಿನ ಅಲ್ಟ್ರಾವಯಲೆಟ್ ಕಿರಣದಲ್ಲಿ ಶೇಕಡಾ 80ರವರೆಗೆ ವಾಪಸ್ ಎಸೆಯುತ್ತೆ, ಮೇಲಿಂದಲೂ ಸುಡುತ್ತೆ, ಕೆಳಗಿಂದಲೂ ಸುಡುತ್ತೆ. ನಮ್ಮವಳ ಮೂಗಿನ ಕೆಳಭಾಗ ಕೆಂಪಾದಾಗಲೇ ನನಗೆ ಅದು ಅರ್ಥ ಆಗಿದ್ದು.

ಎರಡನೇ ದಿನ ಬೂಟು ಬದಲಾಯಿಸಿ, ಬೆಟ್ಟದ ಕಡೆ ಹೋಗಲೇ ಇಲ್ಲ. ಮಟ್ಟಸ ಜಾಗದಲ್ಲಿ ಬರೀ ಬೂಟಲ್ಲಿ ನಡೆದಾಡಿದೆವು. ಆಮೇಲೆ ಒಂದೇ ಕಾಲಿಗೆ ಸ್ಕೀ, ಇನ್ನೊಂದು ಕಾಲಲ್ಲಿ ತಳ್ಳಿಕೊಂಡು ಹೋಗೋದು. ಕಾಲು ಬದಲಾಯಿಸಿ ಮತ್ತೆ. ಆಮೇಲೆ ಎರಡೂ. ಬಾತುಕೋಳಿ ಥರ ಪಾದ ಹೊರಗೆ ತಿರುಗಿಸಿ ನಾಲ್ಕು ಹೆಜ್ಜೆ ಏರೋದು, ಜಾರಿ ಬರೋದು. ಬಿದ್ದರೆ ನಾನು ಎತ್ತಲಿಲ್ಲ. ಎರಡೂ ಸ್ಕೀ ಇಳಿಜಾರಿಗೆ ಅಡ್ಡವಾಗಿ ಮಾಡಿಕೊಂಡು, ಮೇಲಿನ ಕಡೆ ಕೈ ಊರಿ ಏಳೋದು ಹೇಗೆ ಅಂತ ನಾನೇ ಬಿದ್ದು ತೋರಿಸಿದೆ. ಅಮ್ಮ ಬೀಳೋದು ನೋಡೋಕೆ ಅವಳಿಗೆ ಎಷ್ಟು ಖುಷಿ ಅಂತೀಯ! ಹತ್ತು ಸಲ ಬೀಳಿಸಿದಳು.

ನಿಲ್ಲಿಸೋದನ್ನು ಹೇಳಿಕೊಡೋದೇ ದೊಡ್ಡ ಕೆಲಸ. ಎಲ್ಲ ಕಡೆ ಅದಕ್ಕೆ ಪಿಜ್ಜಾ ಅಂತಾರೆ: ಸ್ಕೀಗಳ ಮೂತಿ ಹತ್ತಿರ, ಬಾಲ ದೂರ, ನಡುವೆ ಪಿಜ್ಜಾ ತುಂಡಿನ ಆಕಾರ. ನಮ್ಮವಳಿಗೆ ಅದು ತಲೆಗೆ ಹೋಗಲಿಲ್ಲ. ಆಗ ನಾನು ಹೇಳಿದೆ, ನೋಡು ಪುಟ್ಟಿ, ನಿನ್ನ ಎರಡು ಸ್ಕೀ ಎರಡು ಕದ. ಓಡಬೇಕಾದರೆ ಕದ ತೆಗಿ, ನಿಲ್ಲಬೇಕಾದರೆ ಮುಂದೆ ಕದ ಹಾಕು. ಆದರೆ ಚಿಲಕ ಹಾಕಬೇಡ. ಚಿಲಕ ಅಂದರೆ ಒಂದರ ಮೂತಿ ಇನ್ನೊಂದರ ಮೇಲೆ ಹತ್ತೋದು, ಹತ್ತಿದರೆ ಮೂಗು ನೆಲಕ್ಕೆ. ಇದು ಪಟ್ ಅಂತ ಹತ್ತಿತು. ಇವತ್ತಿಗೂ ನಮ್ಮನೆಯಲ್ಲಿ ಅದೇ ಭಾಷೆ. ಅಂದ ಹಾಗೆ ಈ ಪಾಠ ನಿನ್ನೆ ಮೊನ್ನೆಯದಲ್ಲ. ಆಸ್ಟ್ರಿಯಾದಲ್ಲಿ ಹಾನೆಸ್ ಶ್ನೈಡರ್ ಅಂತ ಒಬ್ಬರು ನೂರು ವರ್ಷದ ಹಿಂದೆ, ಮೊದಲು ಕದ ಹಾಕಿ ಇಳಿಯೋದು, ಆಮೇಲೆ ಸ್ವಲ್ಪ ಸ್ವಲ್ಪವೇ ಎರಡೂ ಸ್ಕೀ ಜೋಡಿಸಿಕೊಂಡು ತಿರುಗೋದು ಅಂತ ಮೆಟ್ಟಿಲು ಮೆಟ್ಟಿಲಾಗಿ ಕಲಿಸುತ್ತಿದ್ದರು. ಕ್ಲಾಸಲ್ಲಿ ಚಿನ್ನು ಕಲಿಯೋದೂ ಹೆಚ್ಚು ಕಡಿಮೆ ಅದೇ ದಾರಿ.

ಈಗ ನಾನು ಹೇಳಬೇಕು ಅಂತ ಕೂತಿದ್ದ ವಿಷಯ. ಮೂರನೇ ದಿನ. ನೆಲದ ಮೇಲೆ ರಬ್ಬರ್ ಬೆಲ್ಟ್ ಥರ ಹೋಗುತ್ತಲ್ಲ, ಮ್ಯಾಜಿಕ್ ಕಾರ್ಪೆಟ್, ಅದರಲ್ಲಿ ಅರ್ಧ ಮೇಲೆ ಹೋದೆವು. ನಾನು ಅವಳಿಗಿಂತ ನಾಲ್ಕು ಮಾರು ಕೆಳಗೆ, ಅವಳ ಕಡೆ ಮುಖ ಮಾಡಿ ನಿಂತೆ. ಯಾವಾಗಲೂ ಕೆಳಗೇ ನಿಲ್ಲು ಪಲ್ಲವಿ. ನೀನು ಹಿಂದೆ ಇದ್ದರೆ ಮಗು ತಿರುಗಿ ತಿರುಗಿ ನೋಡುತ್ತೆ, ಭಾರ ಹಿಂದೆ ಹೋಗುತ್ತೆ. ಕೆಳಗಿದ್ದರೆ ನಿನ್ನ ಕಡೆ ಬರುತ್ತೆ. "ಬಾ" ಅಂದೆ. ಹೊರಟಳು. ತುಟಿ ಬಿಗಿ ಹಿಡಿದಿದ್ದಾಳೆ, ಎರಡೂ ಕೈ ಮುಂದೆ, ತಟ್ಟೆ ಹಿಡಿದುಕೊಂಡು ಬರೋ ಥರ. ಸ್ವಲ್ಪ ವೇಗ ಬಂತು. "ಕದ ಹಾಕು" ಅಂತ ಕೂಗೋಕೆ ಬಾಯಿ ತೆರೆದೆ, ಅಷ್ಟರಲ್ಲಿ ಅವಳೇ ಹಾಕಿದಳು. ಹಿಮ್ಮಡಿ ಎರಡೂ ನಿಧಾನವಾಗಿ ಅಗಲ ಆದವು, ಸ್ಕೀ ಕೆಳಗಿಂದ ಹಿಮ ಕೆರೆಯೋ ಸರ್ರ್ ಅನ್ನೋ ಸದ್ದು, ನನ್ನ ಮಂಡಿಗೆ ಒಂದು ಗೇಣು ದೂರದಲ್ಲಿ ನಿಂತಳು.

ನನ್ನನ್ನು ನೋಡಲಿಲ್ಲ ಕಣೇ. ತನ್ನ ಕಾಲು ನೋಡಿಕೊಂಡಳು. ಎಡಗಾಲು, ಬಲಗಾಲು, ಮತ್ತೆ ಎಡಗಾಲು. ಆಮೇಲೆ ಮೆಲ್ಲಗೆ, "ನಾನೇ ನಿಲ್ಲಿಸಿದೆ" ಅಂದಳು.

ಯೋಚನೆ ಮಾಡು, ಆ ವಯಸ್ಸಿನ ಮಗುವನ್ನು ದಿನವಿಡೀ ನಿಲ್ಲಿಸೋರು ನಾವೇ. ಓಡಬೇಡ, ಹತ್ತಬೇಡ, ಮುಟ್ಟಬೇಡ, ನಿಲ್ಲು, ಸಾಕು. ಅಲ್ಲಿ ಬ್ರೇಕು ಅವಳ ಕಾಲಲ್ಲೇ ಇತ್ತು. ನಾನು ಬೇಕಾಗಲಿಲ್ಲ. ನನಗೆ ಖುಷಿ ಆಯ್ತಾ, ಹೊಟ್ಟೆ ಚುರುಕ್ ಅಂತಾ, ಇವತ್ತಿಗೂ ಸರಿಯಾಗಿ ಹೇಳೋಕೆ ಬರಲ್ಲ. ಅಷ್ಟರಲ್ಲಿ ಅವಳು, "ಅಮ್ಮಾ ಇನ್ನೂ ಕೆಳಗೆ ಹೋಗು, ಇನ್ನೂ ದೂರ" ಅಂತ ಕೈ ಬೀಸಿ ಅಟ್ಟುತ್ತಿದ್ದಳು. ಅದಕ್ಕೇ ಹೇಳಿದ್ದು, ಮೊದಲ ದಿನಗಳನ್ನು ಬಿಟ್ಟುಕೊಡಬೇಡ ಅಂತ. ಕ್ಲಾಸಿನ ಬೇಲಿ ಆಚೆ ನಿಂತು ಇದನ್ನು ನೋಡಿದ್ದರೆ ನನಗೆ ಆ ಮಾತು ಕೇಳಿಸುತ್ತಿರಲಿಲ್ಲ.

ತಿರುಗಿಸೋದು ಆಮೇಲೆ ಸುಲಭ. ಕದ ಹಾಕಿಕೊಂಡೇ ಎಡಗಾಲ ಮೇಲೆ ಭಾರ ಒತ್ತಿದರೆ ಬಲಕ್ಕೆ ಹೋಗುತ್ತೆ, ಬಲಗಾಲ ಮೇಲೆ ಒತ್ತಿದರೆ ಎಡಕ್ಕೆ. ಎಡ ಬಲ ಅಂತ ಪಾಠ ಮಾಡಬೇಡ, ಕೈಯಿಂದ ಮಂಡಿ ಒತ್ತಿಸು, ಸ್ಕೀ ತಾನೇ ತಿರುಗುತ್ತೆ. ಉಳಿದದ್ದು ಟೀಚರ್ ನೋಡಿಕೊಳ್ತಾರೆ.

ದೊಡ್ಡಪ್ಪ, ಈಗ ನಿಮ್ಮ ಪ್ರಶ್ನೆ. ಅಪಾಯವೇ ಇಲ್ಲ ಅಂತ ನಾನು ಹೇಳಲ್ಲ. ಬೂಟನ್ನು ಸ್ಕೀಗೆ ಹಿಡಿದುಕೊಳ್ಳೋ ಬೈಂಡಿಂಗ್ ಅಂತ ಇರುತ್ತೆ, ಜೋರಾಗಿ ತಿರುಚಿ ಬಿದ್ದಾಗ ಅದು ಬಿಟ್ಟುಕೊಂಡು ಕಾಲನ್ನು ಉಳಿಸಬೇಕು. ಎಷ್ಟು ಬಿಗಿ ಇರಬೇಕು ಅನ್ನೋದನ್ನು ಮಗುವಿನ ತೂಕ, ಎತ್ತರ, ವಯಸ್ಸು, ಬೂಟಿನ ಅಟ್ಟೆಯ ಉದ್ದ ಇದೆಲ್ಲ ನೋಡಿ ಅಂಗಡಿಯ ಟೆಕ್ನಿಷಿಯನ್ ಹೊಂದಿಸ್ತಾರೆ. ಪಲ್ಲವಿ, ಅದಕ್ಕೆ ನೀವು ಸ್ಕ್ರೂಡ್ರೈವರ್ ಹಾಕಬೇಡಿ, ಅಕ್ಕನ ಮಕ್ಕಳ ಸ್ಕೀ ತಂದು ಹಾಗೇ ಹಾಕಿಸಲೂ ಬೇಡಿ. ಹೆಲ್ಮೆಟ್ ಇಲ್ಲದೆ ಹಿಮದ ಮೇಲೆ ಕಾಲಿಡೋ ಹಾಗಿಲ್ಲ. ಆದರೆ ನನಗೆ ಹೆಚ್ಚು ಭಯ ಮಗು ಬೀಳೋದರದ್ದಲ್ಲ, ಮೇಲಿಂದ ಜೋರಾಗಿ ಬರೋ ದೊಡ್ಡವರದ್ದು. ಅಂತಾರಾಷ್ಟ್ರೀಯ ಸ್ಕೀ ಸಂಸ್ಥೆಯ ಹತ್ತು ನಿಯಮಗಳಲ್ಲಿ ಒಂದಿದೆ: ಹಿಂದಿನಿಂದ ಬರೋರು, ಮುಂದಿರೋರಿಗೆ ತೊಂದರೆ ಆಗದ ಹಾಗೆ ದಾರಿ ನೋಡಿಕೊಳ್ಳಬೇಕು. ಎಲ್ಲರೂ ಪಾಲಿಸ್ತಾರೆ ಅಂತ ನಂಬಿಕೊಂಡು ಕೂರೋಕಾಗಲ್ಲ. ಹೊರಡೋ ಮುಂಚೆ ಮೇಲೆ ನೋಡು, ನಡುದಾರಿಯಲ್ಲಿ ನಿಲ್ಲಬೇಡ, ಈ ಎರಡನ್ನು ನಮ್ಮ ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದೀನಿ.

ಚೇರ್‌ಲಿಫ್ಟಿಗೆ (ತಂತಿಯಿಂದ ತೂಗಾಡ್ತಾ ಮೇಲಕ್ಕೆ ಒಯ್ಯೋ ಕುರ್ಚಿ) ಆತುರ ಬೇಡ. ಹೇಳಿದ ಜಾಗದಲ್ಲಿ ನಿಲ್ಲೋಕೆ, ಎರಡು ಕಡೆಗೂ ತಿರುಗೋಕೆ ಬಂದ ಮೇಲೆ ಸಾಕು. ಹತ್ತುವಾಗ ಮಗುವನ್ನು ಲಿಫ್ಟಿನವರು ನಿಂತಿರೋ ಕಡೆ ನಿಲ್ಲಿಸಿಕೋ, ಅವರಿಗೆ ಎತ್ತಿ ಕೂರಿಸೋಕೆ ಅನುಕೂಲ. ಕೂತ ತಕ್ಷಣ ಬೆನ್ನು ಹಿಂದಕ್ಕೆ, ಅಡ್ಡಪಟ್ಟಿ ಕೆಳಕ್ಕೆ.

ಇನ್ನೊಂದು. ಬೇಗ ಮುಗಿಸು. ಮುಕ್ಕಾಲು ಗಂಟೆ ಆದರೆ ಅವತ್ತಿಗೆ ಜಾಸ್ತಿನೇ. ಟಿಕೆಟ್ ದುಡ್ಡು ದಂಡ ಆಯ್ತು ಅಂತ ಹೊಟ್ಟೆ ಉರಿಯುತ್ತೆ, ಗೊತ್ತು. ಅವಳು "ಇನ್ನೊಂದು ಸಲ" ಅನ್ನುತ್ತಿರುವಾಗಲೇ ಸ್ಕೀ ಬಿಚ್ಚಿಸು. "ಸಾಕು" ಅನ್ನೋವರೆಗೆ ಕಾದರೆ ಮಾರನೇ ದಿನ ಎಬ್ಬಿಸೋಕೆ ನೀನೇ ಒದ್ದಾಡಬೇಕಾಗುತ್ತೆ. ಮತ್ತೆ, ಬೇರೆ ಮಕ್ಕಳ ವಿಡಿಯೋ ನೋಡಿ ಹೋಲಿಸಬೇಡ. ನಮ್ಮ ಚಿಕ್ಕವನು ಒಂದು ಇಡೀ ಚಳಿಗಾಲ ಹಿಮ ತಿನ್ನೋದರಲ್ಲೇ ಕಳೆದ. ಸ್ಕೀ ಹಾಕಿಸಿದರೆ ಕೂತುಬಿಡುತ್ತಿದ್ದ. ಮುಂದಿನ ವರ್ಷ ಎದ್ದು ನಿಂತವನು ಅಕ್ಕನ ಹಿಂದೆ ಹೊರಟೇಬಿಟ್ಟ, ನಾನು ಕಲಿಸಿದ್ದು ಏನೂ ಇಲ್ಲ.

ದೊಡ್ಡವಳಿಗೆ ಈಗ ಎಂಟು. ನನಗಿಂತ ಮುಂದೆ ಹೋಗಿ, ದಾರಿಯ ಪಕ್ಕಕ್ಕೆ ಸರಿದು, ಸೊಂಟದ ಮೇಲೆ ಕೈ ಇಟ್ಟುಕೊಂಡು ಕಾಯ್ತಾಳೆ. ಹೋದ ಸಲ ಒಂದು ಕಡೆ ಹಿಮ ಗಟ್ಟಿಯಾಗಿ ಗಾಜಿನ ಥರ ಆಗಿತ್ತು, ನಾನು ಹೆದರಿಕೊಂಡು ಇಳೀತಿದ್ದೆ. ಕೆಳಗಿಂದ ಎಲ್ಲರಿಗೂ ಕೇಳೋ ಹಾಗೆ ಕೂಗಿದಳು, "ಅಮ್ಮಾ, ಕದ ಹಾಕು! ಚಿಲಕ ಹಾಕಬೇಡ!"

ಚಿಕ್ಕವನು ಎದ್ದ ಅನ್ಸುತ್ತೆ, ನೀರು ಕೇಳ್ತಿದ್ದಾನೆ. ಪಲ್ಲವಿ, ನಾಳೆ ಚಿನ್ನುನ ಗೋಡೆಗೆ ಹಿಮ್ಮಡಿ ತಾಗಿಸಿ ನಿಲ್ಲಿಸಿ ಎರಡೂ ಪಾದ ಅಳೆದು ಹಾಕು, ದೊಡ್ಡ ಪಾದದ ಅಳತೆ ತಗೋ. ದೊಡ್ಡವಳ ಹಳೇ ಬೂಟು ಮೇಲಿನ ಕಪಾಟಿನಲ್ಲಿದೆ, ಚಿನ್ನುಗೆ ಸರಿಯಾಗಿ ಆಗೋ ಹಾಗಿದ್ದರೆ ಕಳಿಸ್ತೀನಿ. ದೊಡ್ಡದಾದರೆ ಕಳಿಸಲ್ಲ, ಕೇಳಲೂ ಬೇಡ.