ಎಚ್‌ಐವಿ ರಿಪೋರ್ಟ್ ನೆಗೆಟಿವ್ ಬಂದಿದೆ, ಆದರೂ ಭಯ ಹೋಗುತ್ತಿಲ್ಲ

ದಾವಣಗೆರೆಯವಳು:
ನರ್ಸಿಂಗ್ ಹೋಮ್ ಒಂದರಲ್ಲಿ ಹೌಸ್‌ಕೀಪಿಂಗ್ ಕೆಲಸ ಮಾಡುತ್ತೇನೆ. ಬೇಸಿಗೆಯಲ್ಲಿ ಕಸದ ಹಳದಿ ಕವರ್ ಬಾಯಿ ಕಟ್ಟುವಾಗ ಒಳಗಿದ್ದ ಸೂಜಿ ಗ್ಲೌಸ್ ದಾಟಿ ಹೆಬ್ಬೆರಳಿಗೆ ಚುಚ್ಚಿತು. ಯಾರಿಗೆ ಹಾಕಿದ ಸೂಜಿಯೋ ಗೊತ್ತಿಲ್ಲ. "ಸೋಪು ಹಚ್ಚಿ ತೊಳ್ಕೊ, ಏನೂ ಆಗಲ್ಲ" ಅಂದರು, ಅಷ್ಟೇ.

ಆರು ವಾರ ಆದಾಗ ಒಮ್ಮೆ, ಮೂರು ತಿಂಗಳು ದಾಟಿದ ಮೇಲೆ ಇನ್ನೊಮ್ಮೆ ಸರ್ಕಾರಿ ಆಸ್ಪತ್ರೆಯ ಐಸಿಟಿಸಿಯಲ್ಲಿ (ಎಚ್‌ಐವಿ ಪರೀಕ್ಷೆ ಮಾಡಿ ಸಲಹೆ ಕೊಡುವ ಕೇಂದ್ರ) ರಕ್ತ ಕೊಟ್ಟೆ. ಎರಡೂ ಸಲ ನೆಗೆಟಿವ್. ಆದರೂ ಗಂಟಲು ಕೆರೆದರೆ ಅದೇ ಇರಬೇಕು ಅನಿಸುತ್ತೆ. ಕುತ್ತಿಗೆಯಲ್ಲಿ ಗಂಟು ಇದೆಯಾ ಅಂತ ಕನ್ನಡಿ ಮುಂದೆ ಒತ್ತಿ ಒತ್ತಿ ನೋಡಿ ಈಗ ಅಲ್ಲೇ ನೋವು ಶುರುವಾಗಿದೆ. ಮಗಳು ನನ್ನ ತಟ್ಟೆಗೆ ಕೈ ಹಾಕಿದರೆ ಗದರಿಸಿ ಕಳಿಸುತ್ತೇನೆ. ಮನೆಯವರಿಗೆ ಹೇಳಿಲ್ಲ. ಆರು ತಿಂಗಳಾದ ಮೇಲೂ ಪಾಸಿಟಿವ್ ಬರಬಹುದಂತೆ, ನಿಜವಾ?

ಐಸಿಟಿಸಿ ಕೌನ್ಸೆಲರ್:
ಇಲ್ಲ ಅಕ್ಕ. ಸೋಂಕು ತಗುಲಿದರೂ ಟೆಸ್ಟ್‌ನಲ್ಲಿ ಕಾಣದ ಸಮಯವನ್ನು ವಿಂಡೋ ಪೀರಿಯಡ್ ಅನ್ನುತ್ತೇವೆ. ನಮ್ಮ ರ್‍ಯಾಪಿಡ್ ಟೆಸ್ಟ್‌ಗೆ ಅದು ಹೆಚ್ಚೆಂದರೆ 90 ದಿನ. ನೀವು ಅದನ್ನು ದಾಟಿಯೇ ರಕ್ತ ಕೊಟ್ಟಿದ್ದೀರಿ. ಆಮೇಲೆ ಮತ್ತೆ ಚುಚ್ಚಿಲ್ಲ ಅಂದರೆ ಆ ರಿಪೋರ್ಟೇ ಕೊನೆಯದು. ಆರು ತಿಂಗಳ ಮಾತು ಹಳೆಯ ಟೆಸ್ಟ್‌ಗಳ ಕಾಲದ್ದು. ಎಚ್‌ಐವಿ ಇರುವವರಿಗೆ ಹಾಕಿದ ಸೂಜಿಯೇ ಚುಚ್ಚಿದರೂ ಸೋಂಕು ತಗುಲುವುದು ಸಾವಿರಕ್ಕೆ ಸುಮಾರು 3 ಸಲ. ಇನ್ನು ತಟ್ಟೆಯ ವಿಷಯ. ಎಚ್‌ಐವಿ ಇದ್ದವರ ಜೊತೆ ಉಂಡರೂ ಅದು ಬರಲ್ಲ. ಮಗಳನ್ನು ಪಕ್ಕ ಕೂರಿಸಿಕೊಂಡು ಉಣ್ಣಿ.

ಒಂದು ನೆನಪಿಡಿ. ಮುಂದೆ ಸೂಜಿ ಚುಚ್ಚಿದರೆ ಕೂಡಲೇ ಜಿಲ್ಲಾಸ್ಪತ್ರೆಗೆ ಹೋಗಿ ಪಿಇಪಿ ಮಾತ್ರೆ, ಅಂದರೆ ಎಚ್‌ಐವಿ ಸೋಂಕು ತಗುಲದಂತೆ ತಡೆಯುವ ಮಾತ್ರೆ ಕೇಳಿ. 72 ಗಂಟೆಯೊಳಗೆ ಶುರು ಮಾಡಿ 28 ದಿನ ತಗೋಬೇಕು.

ಹುಬ್ಬಳ್ಳಿ ಸ್ಟಾಫ್ ನರ್ಸ್:
ಓದಿ ಸಿಟ್ಟು ಬಂತು. ಹಳದಿ ಕವರ್‌ಗೆ ಸೂಜಿ ಹಾಕಿದ್ದು ಯಾರು? 2016ರ ವೈದ್ಯಕೀಯ ತ್ಯಾಜ್ಯದ ನಿಯಮದ ಪ್ರಕಾರ ಸೂಜಿ ಹೋಗಬೇಕಾದ್ದು ಚುಚ್ಚಿದರೂ ತೂತಾಗದ ಬಿಳಿ ಡಬ್ಬಿಗೆ. ಕಸ ಎತ್ತುವವರಿಗೆ ಹೆಪಟೈಟಿಸ್-ಬಿ ಮತ್ತು ಟಿಟಿ ಲಸಿಕೆ ಹಾಕಿಸುವುದೂ ಆಸ್ಪತ್ರೆಯವರದ್ದೇ ಜವಾಬ್ದಾರಿ, ಅದೇ ನಿಯಮದಲ್ಲಿದೆ. ನಿಮಗೆ ಹಾಕಿಸಿದ್ದಾರಾ? ಸೂಜಿಯಿಂದ ಎಚ್‌ಐವಿಗಿಂತ ಹೆಪಟೈಟಿಸ್ (ಲಿವರ್‌ನ ಸೋಂಕು) ಬೇಗ ಅಂಟುತ್ತೆ. ಹೆದರಿಸಲು ಹೇಳುತ್ತಿಲ್ಲ. ಬಿ ಮತ್ತು ಸಿ ಎರಡಕ್ಕೂ ಒಂದು ಸಲ ರಕ್ತ ಕೊಟ್ಟುಬಿಡಿ.

ರಾಮನಗರದವನು:
ನನಗೂ ಇದೇ ಭಯ ಇತ್ತು, ಕಾರಣ ಬೇರೆ. ಲ್ಯಾಬಿಂದ ಲ್ಯಾಬಿಗೆ ಅಲೆದೆ. ಪ್ರತಿ ನೆಗೆಟಿವ್ ರಿಪೋರ್ಟೂ ಎರಡು ದಿನ ಸಮಾಧಾನ ಕೊಡುತ್ತಿತ್ತು, ಆಮೇಲೆ "ಸ್ಯಾಂಪಲ್ ಅದಲುಬದಲಾಗಿದ್ದರೆ?" ಅಂತ ಶುರು. ಮನೋವೈದ್ಯರ ಹತ್ತಿರ ಹೋದ ಮೇಲೇ ನಿದ್ದೆ ಬಂದಿದ್ದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. ಮನೆಯವರಿಗೂ ಹೇಳಿ ಅಕ್ಕ, ಒಬ್ಬರೇ ಹೊತ್ತುಕೊಂಡರೆ ಜಾಸ್ತಿ ಆಗುತ್ತೆ.

ದಾವಣಗೆರೆಯವಳು:
ಎಲ್ಲರಿಗೂ ಥ್ಯಾಂಕ್ಸ್. ಇವತ್ತು ರಾತ್ರಿ ಮನೆಯವರಿಗೆ ಹೇಳುತ್ತೇನೆ. ಲಸಿಕೆ ಯಾರಿಗೂ ಹಾಕಿಸಿಲ್ಲ, ನಾವು ಐದು ಜನ ಇದ್ದೇವೆ. ಬಾಯಲ್ಲಿ ಕೇಳಿದರೆ ಸಾಕಾ ಸಿಸ್ಟರ್?

ಹುಬ್ಬಳ್ಳಿ ಸ್ಟಾಫ್ ನರ್ಸ್:
ಬೇಡ, ಬರೆದು ಕೊಡಿ. ಸೂಜಿ ಚುಚ್ಚಿದ ತಾರೀಕೂ ಹಾಕಿ, ಐದೂ ಜನ ಸಹಿ ಮಾಡಿ, ಒಂದು ಜೆರಾಕ್ಸ್ ಇಟ್ಟುಕೊಳ್ಳಿ.