14 ಸೆಂ.ಮೀ. ಮಣಿಕಟ್ಟಿಗೆ ಯಾವ ಸೈಜಿನ ಸ್ಪೋರ್ಟ್ಸ್ ವಾಚ್ ಸರಿ?

ಸಣ್ಣಕೈ:

ಎಲ್ಲರಿಗೂ ನಮಸ್ಕಾರ. ಹಾಫ್ ಮ್ಯಾರಥಾನ್‌ಗೆ ತಯಾರಿ ಶುರು ಮಾಡಿದ್ದೇನೆ. ನನ್ನ ಮಣಿಕಟ್ಟಿನ ಸುತ್ತಳತೆ 14 ಸೆಂ.ಮೀ. ಸದ್ಯಕ್ಕೆ ಕಟ್ಟುತ್ತಿರುವುದು ಅಣ್ಣ ಬಳಸಿ ಬಿಟ್ಟ 46 ಮಿ.ಮೀ. ವಾಚ್. ಪಟ್ಟಿಯನ್ನು ಕೊನೇ ತೂತಿಗೆ ಹಾಕಿದರೂ ಓಡುವಾಗ ಪಕ್ಕಕ್ಕೆ ವಾಲುತ್ತದೆ. ಅದು ಹಾಳಾಗಲಿ, ಗೆಳತಿಯ ಜೊತೆ ಹರಟೆ ಹೊಡೆದುಕೊಂಡು ನಿಧಾನಕ್ಕೆ ಓಡುವಾಗಲೂ ಹಾರ್ಟ್ ರೇಟ್ 170 ತೋರಿಸುತ್ತದೆ!

ಹೊಸದು ತೆಗೆದುಕೊಳ್ಳೋಣ ಅಂತ ಗಾರ್ಮಿನ್ ಫೋರ್‌ರನ್ನರ್ 265, ಅದರದ್ದೇ ಚಿಕ್ಕ ಸೈಜ್ 265ಎಸ್, ಮತ್ತೆ ಕೋರೋಸ್ ಪೇಸ್ 3 ನೋಡಿಟ್ಟಿದ್ದೇನೆ. 265 ದೊಡ್ಡದಾದರೂ 135ರಿಂದ 205 ಮಿ.ಮೀ. ಮಣಿಕಟ್ಟಿಗೆ ಹೊಂದುತ್ತದೆ ಅಂತ ಕಂಪನಿಯೇ ಹೇಳುತ್ತದೆ. ನನ್ನದು 140. ಅಂದರೆ ಸಾಕಲ್ವಾ? ಚಿಕ್ಕದರಲ್ಲಿ ಬ್ಯಾಟರಿ ಕಡಿಮೆ, ಅಕ್ಷರ ಕಾಣಿಸಲ್ಲ ಅಂತ ಅಣ್ಣ ಹೆದರಿಸುತ್ತಿದ್ದಾನೆ.

ನಿಧಾನ_ಓಟ:

ಮೇಡಂ, ಆ 135–205 ಅನ್ನುವುದು ಪಟ್ಟಿಯ ಲೆಕ್ಕ. ಮೊದಲ ತೂತಿನಿಂದ ಕೊನೇ ತೂತಿನವರೆಗೆ ಎಷ್ಟು ಸುತ್ತಳತೆಗೆ ಕಟ್ಟಬಹುದು ಅಂತಷ್ಟೇ. ಮೇಲೆ ಕೂರುವ ಡಬ್ಬಿ ನಿಮ್ಮ ಕೈ ಮೇಲೆ ಹೇಗೆ ಕೂರುತ್ತದೆ ಅನ್ನುವುದು ಅದರಲ್ಲಿ ಇಲ್ಲ. ಪಟ್ಟಿ ಬಿಗಿಯಾಗಿದ್ದು ವಾಚ್ ಅಲ್ಲಾಡುವುದು ಸಾಧ್ಯ. ನಿಮಗೆ ಆಗುತ್ತಿರುವುದೂ ಅದೇ.

ನನ್ನ ಕೈಯೂ ತೆಳ್ಳಗೆ, ಗಂಡಸರ ವಾಚ್ ಎಲ್ಲಾ ನನಗೆ ಗಡಿಯಾರದ ಗೋಪುರ ಕಟ್ಟಿಕೊಂಡ ಹಾಗೆ ಇರುತ್ತದೆ. ಹಾಗಾಗಿ ನಾನು ಸುತ್ತಳತೆ ಅಳೆಯುವುದಕ್ಕೆ ಮುಂಚೆ ಅಗಲ ಅಳೆಯುತ್ತೇನೆ. ಕೈಯನ್ನು ಮೇಜಿನ ಮೇಲೆ ಬೋರಲು ಇಟ್ಟು, ಮಣಿಕಟ್ಟಿನ ಉಬ್ಬಿದ ಮೂಳೆ ಇದೆಯಲ್ಲ, ಅದರಿಂದ ಒಂದು ಬೆರಳಗಲ ಮೊಣಕೈ ಕಡೆಗೆ ಸ್ಕೇಲ್ ಇಡಿ. ವಾಚ್ ಕಟ್ಟಬೇಕಾದ ಜಾಗ ಅದೇ. 14 ಸೆಂ.ಮೀ. ಸುತ್ತಳತೆ ಇರುವವರಿಗೆ ಅಲ್ಲಿ ಸುಮಾರು 5 ಸೆಂ.ಮೀ. ಅಗಲ ಸಿಗಬಹುದು. ಅದರಲ್ಲೂ ಅಂಚು ಎರಡೂ ಕಡೆ ಇಳಿಜಾರು. ನಿಜವಾಗಿ ಸಮತಟ್ಟಾದ ಭಾಗ ಇನ್ನೂ ಕಡಿಮೆ.

ಈಗ ವಾಚ್ ಕಡೆ ನೋಡಿ. ಡಯಲ್ 46 ಅಂದರೂ ಪಟ್ಟಿ ಸಿಕ್ಕಿಸುವ ಕೊಂಬುಗಳು, ಅಂದರೆ ಲಗ್, ಅದರ ಆಚೆಗೂ ಚಾಚಿರುತ್ತವೆ. ಕೆಲವು ವಾಚಿನಲ್ಲಿ ರಬ್ಬರ್ ಪಟ್ಟಿಯ ಬುಡವೇ ಗಟ್ಟಿ, ಸ್ವಲ್ಪ ದೂರ ನೆಟ್ಟಗೆ ಹೋಗಿ ಆಮೇಲೆ ಬಾಗುತ್ತದೆ. ಈ ಕೊಂಬಿನ ತುದಿಯಿಂದ ತುದಿಗೆ ಇರುವ ಉದ್ದ ನಿಮ್ಮ ಕೈಯ ಅಗಲ ದಾಟಿತೋ, ಪಟ್ಟಿ ಗಾಳಿಯಲ್ಲಿ ನಿಲ್ಲುತ್ತದೆ. ವಾಚಿನ ಎರಡೂ ಪಕ್ಕ ಸಂದಿ ಬೀಳುತ್ತದೆ. ಎಷ್ಟು ಎಳೆದು ಕಟ್ಟಿದರೂ ಸಂದಿ ಹೋಗಲ್ಲ, ಕೈಯಲ್ಲಿ ಗುರುತು ಮಾತ್ರ ಬೀಳುತ್ತದೆ.

170ರ ಕಥೆಯೂ ಬಹುಶಃ ಇಲ್ಲೇ ಇದೆ. ವಾಚಿನ ಹಿಂದೆ ಹಸಿರು ಬೆಳಕು ಮಿಣುಕುತ್ತದಲ್ಲ, ಅದು ಚರ್ಮದೊಳಗೆ ಹೋಗಿ ವಾಪಸ್ ಬರುತ್ತದೆ. ಪ್ರತಿ ಬಡಿತಕ್ಕೆ ರಕ್ತ ತುಂಬಿದಾಗ ವಾಪಸ್ ಬರುವ ಬೆಳಕು ಸ್ವಲ್ಪ ಕಡಿಮೆಯಾಗುತ್ತದೆ. ಆ ಏರಿಳಿತವನ್ನೇ ಸೆನ್ಸರ್ ಎಣಿಸುವುದು. ವಾಚ್ ಎದ್ದು ಬಿದ್ದು ಮಾಡಿದರೆ ಹೊರಗಿನ ಬೆಳಕು ನುಗ್ಗುತ್ತದೆ, ಹೆಜ್ಜೆಯ ಕುಲುಕಾಟವೂ ಅದೇ ಥರದ ಏರಿಳಿತ ಆಗುತ್ತದೆ. ಓಡುವವರ ಹೆಜ್ಜೆ ನಿಮಿಷಕ್ಕೆ 160ರಿಂದ 180ರ ಆಸುಪಾಸು. ವಾಚ್ ಹೃದಯ ಬಿಟ್ಟು ಕಾಲು ಎಣಿಸಲು ಶುರು ಮಾಡುತ್ತದೆ. ಇದಕ್ಕೆ ಕೇಡೆನ್ಸ್ ಲಾಕ್ ಅನ್ನುತ್ತಾರೆ. ಮುಂದಿನ ಸಲ 170 ಕಂಡಾಗ ಅಲ್ಲೇ ನಿಂತು, ಕುತ್ತಿಗೆ ಪಕ್ಕ ಬೆರಳಿಟ್ಟು 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿ. ನಿಂತ ತಕ್ಷಣ ಬಡಿತ ಇಳಿಯಲು ಶುರುವಾಗುತ್ತದೆ, ಹಾಗಾಗಿ ತಡ ಮಾಡಬೇಡಿ. ನೂರಾ ಮೂವತ್ತರ ಹತ್ತಿರ ಬಂದರೆ ಸಂಶಯ ನಿಜ. ಬೆರಳಿಗೂ 170 ಬಂದರೆ ಅದು ವಾಚಿನ ತಪ್ಪಲ್ಲ, ಹರಟೆ ಹೊಡೆಯುವಷ್ಟು ಸಲೀಸಾದ ಓಟಕ್ಕೆ ಅಷ್ಟು ಬರುತ್ತಿದ್ದರೆ ಒಮ್ಮೆ ಡಾಕ್ಟರಿಗೆ ತೋರಿಸಿ.

ಬ್ಯಾಟರಿ ವಿಷಯ ಅಣ್ಣನಿಗೆ ಹೇಳಿ: 265ಎಸ್‌ಗೆ ಕಂಪನಿ ಕೊಡುವ ಲೆಕ್ಕ 15 ದಿನ, ಜಿಪಿಎಸ್‌ನಲ್ಲಿ 24 ಗಂಟೆ. ದೊಡ್ಡ 265ಕ್ಕೆ 13 ದಿನ, 20 ಗಂಟೆ. ಚಿಕ್ಕದೇ ಜಾಸ್ತಿ! ದೊಡ್ಡ ಪರದೆ ಕರೆಂಟು ತಿನ್ನುತ್ತದಲ್ವಾ. ಎಲ್ಲಾ ಮಾಡೆಲ್‌ನಲ್ಲೂ ಹೀಗೇ ಇರಲ್ಲ. ಹಿಂದಿನ 255ರಲ್ಲಿ ದೊಡ್ಡದರದ್ದೇ ಮೇಲುಗೈ ಇತ್ತು. ತೂಕ 265ಎಸ್‌ನದ್ದು 39 ಗ್ರಾಂ, 265ರದ್ದು 47 ಗ್ರಾಂ. ಕೋರೋಸ್ ಪೇಸ್ 3 ನೈಲಾನ್ ಪಟ್ಟಿ ಸೇರಿ ಬರೀ 30 ಗ್ರಾಂ, ಡಯಲ್ 42ರ ಹತ್ತಿರ. ಹಗುರ ಇದ್ದಷ್ಟೂ ಕುಲುಕಾಟ ಕಡಿಮೆ.

ನಾನಾಗಿದ್ದರೆ 42 ಮಿ.ಮೀ.ಗಿಂತ ದೊಡ್ಡ ವಾಚನ್ನು ನೋಡಲೇ ಹೋಗುತ್ತಿರಲಿಲ್ಲ.

ಚಾಳೀಸು_ಬಂದವನು:

ಮೇಲಿನವರು ಹೇಳಿದ್ದು ಸರಿ, ಆದರೆ ಕಣ್ಣನ್ನು ಮರೆತಿದ್ದಾರೆ. 265ಎಸ್ ಪರದೆ 1.1 ಇಂಚು, 265ರದ್ದು 1.3. ಕೇಳಲು ಸಣ್ಣ ವ್ಯತ್ಯಾಸ. ಏದುಸಿರು ಬಿಡುತ್ತಾ ಓಡುವಾಗ, ಬೆವರು ಕಣ್ಣಿಗೆ ಇಳಿಯುವಾಗ ಅದು ಸಣ್ಣದಲ್ಲ. ನನಗಂತೂ ಕನ್ನಡಕ ಇಲ್ಲದೆ ಚಿಕ್ಕ ಪರದೆ ಆಗಿಬರಲ್ಲ. ವಾಚ್ ಅಲ್ಲಾಡಿದರೆ ಅಲ್ಲಾಡಲಿ ಅಂತ ದೊಡ್ಡದೇ ಕಟ್ಟುತ್ತೇನೆ, ಹಾರ್ಟ್ ರೇಟಿಗೆ ಎದೆಪಟ್ಟಿ, ಅಂದರೆ ಎದೆಗೆ ಕಟ್ಟುವ ಸೆನ್ಸರ್ ಪಟ್ಟಿ ಹಾಕುತ್ತೇನೆ.

ನಿಧಾನ_ಓಟ:

ಒಪ್ಪಿದೆ ಸರ್. ಆದರೆ ಪರದೆಯಲ್ಲಿ ಒಂದೇ ಸಲಕ್ಕೆ ನಾಲ್ಕೈದು ಅಂಕಿ ತುಂಬಿಸಿಕೊಂಡರೆ 1.3 ಇಂಚೂ ಸಾಲಲ್ಲ. ವೇಗ, ದೂರ, ಇಷ್ಟೇ ಇಟ್ಟರೆ ಅಂಕಿ ದಪ್ಪಗೆ ಬರುತ್ತದೆ. ಹಾರ್ಟ್ ರೇಟಿಗೆ ಬೇರೆ ಪುಟ ಮಾಡಿಕೊಳ್ಳಬಹುದು.

ಸಣ್ಣಕೈ:

ಇಬ್ಬರಿಗೂ ಥ್ಯಾಂಕ್ಸ್. ಅಗಲ ಅಳೆದೆ, 49 ಮಿ.ಮೀ. ರಟ್ಟಿನಲ್ಲಿ 46 ಮತ್ತು 42ರ ಎರಡು ಬಿಲ್ಲೆ ಕತ್ತರಿಸಿ ಕೈ ಮೇಲಿಟ್ಟೆ. 46ರದ್ದು ಎರಡೂ ಕಡೆ ಇಳಿಜಾರಿನ ಮೇಲೆ ತೇಲುತ್ತದೆ. 42 ಕೂತುಕೊಳ್ಳುತ್ತದೆ. ಕಣ್ಣು ಇನ್ನೂ ಚೆನ್ನಾಗಿದೆ, ಪುಣ್ಯ. ಬೆರಳಿಟ್ಟು ಎಣಿಸಿದಾಗ 132 ಬಂತು, ವಾಚ್ 168 ಅನ್ನುತ್ತಿತ್ತು!

ಇನ್ನೊಂದು ಸಂಶಯ. ಆ್ಯಪಲ್ ವಾಚಿನಲ್ಲೂ 42 ಅಂತ ಇದೆ. ಅದೂ ಇಷ್ಟೇ ದೊಡ್ಡದಾ? ಮತ್ತೆ ಪುಷ್‌ಅಪ್ ಮಾಡುವಾಗ ವಾಚಿನ ಬಟನ್ ಕೈ ಹಿಂಬದಿಗೆ ಚುಚ್ಚುತ್ತದೆ, ಚಿಕ್ಕದರಲ್ಲಿ ಅದು ಇರಲ್ವಾ?

ನಿಧಾನ_ಓಟ:

ಅಲ್ಲ. ಅದು ಚೌಕ ವಾಚ್, ಅಲ್ಲಿ 42 ಅಂದರೆ ಎತ್ತರ. ಸೀರೀಸ್ 10ರ 42 ಮಿ.ಮೀ. ವಾಚಿನ ಅಗಲ 36 ಮಾತ್ರ. ಹಾಗಾಗಿ ದುಂಡನೆಯ 42ನ್ನೂ ಚೌಕದ 42ನ್ನೂ ಹೋಲಿಸಬೇಡಿ.

ಬಟನ್ ಚುಚ್ಚುವುದು ಚಿಕ್ಕದರಲ್ಲಿ ಕಡಿಮೆಯಾಗುತ್ತದೆ, ಪೂರ್ತಿ ಹೋಗಲ್ಲ. ಮೂಳೆಯಿಂದ ಒಂದು ಬೆರಳು ಮೇಲೆ ಕಟ್ಟಿದರೆ ಬಹುತೇಕ ಸರಿಹೋಗುತ್ತದೆ. ದಪ್ಪವನ್ನೂ ನೋಡಿ. 265ಎಸ್ ವ್ಯಾಸ ಕಡಿಮೆಯಾದರೂ ದಪ್ಪ ಸುಮಾರು 13 ಮಿ.ಮೀ., ದೊಡ್ಡದರಷ್ಟೇ. ಪೇಸ್ 3 ಅದಕ್ಕಿಂತ ಒಂದು ಮಿ.ಮೀ.ಗೂ ಸ್ವಲ್ಪ ಹೆಚ್ಚೇ ತೆಳು. ಜಾಕೆಟ್ಟಿನ ತೋಳಿನೊಳಗೆ ಹೋಗುವಾಗ ಗೊತ್ತಾಗುತ್ತದೆ.

ಪಟ್ಟಿ ನೈಲಾನಿನದ್ದೇ ತೆಗೆದುಕೊಳ್ಳಿ. ತೂತಿನ ಪಟ್ಟಿಯಲ್ಲಿ ಒಂದು ತೂತು ಸಡಿಲ, ಮುಂದಿನದು ಬಿಗಿ. ನೈಲಾನನ್ನು ಎಷ್ಟು ಬೇಕೋ ಅಷ್ಟಕ್ಕೇ ಅಂಟಿಸಬಹುದು. ಓಡುತ್ತಾ ಕೈ ಊದಿದರೆ ಅಲ್ಲೇ ಸ್ವಲ್ಪ ಸಡಿಲಿಸಬಹುದು. ಓಟ ಮುಗಿದ ಮೇಲೆ ತೊಳೆದು ಒಣಗಿಸಿ, ಇಲ್ಲದಿದ್ದರೆ ವಾಸನೆ ಬರುತ್ತದೆ. ಬೇರೆ ಪಟ್ಟಿ ಕೊಳ್ಳುವುದಾದರೆ 265ಎಸ್‌ಗೆ 18 ಮಿ.ಮೀ., ಪೇಸ್ 3ಕ್ಕೆ 22.

ಇಂಟರ್ವಲ್, ಅಂದರೆ ಸ್ವಲ್ಪ ಹೊತ್ತು ಜೋರಾಗಿ ಸ್ವಲ್ಪ ಹೊತ್ತು ನಿಧಾನಕ್ಕೆ, ಓಡುವ ದಿನ ಮಾತ್ರ ಎದೆಪಟ್ಟಿ ಇದ್ದರೆ ಒಳ್ಳೇದು. ಬಡಿತ ಸರಕ್ಕನೆ ಏರಿ ಇಳಿಯುವಾಗ ಎಷ್ಟೇ ಚೆನ್ನಾಗಿ ಕೂತ ವಾಚಾದರೂ ಸ್ವಲ್ಪ ಹಿಂದೆ ಬೀಳುತ್ತದೆ.

ಸಣ್ಣಕೈ:

ಸರಿ, ಪೇಸ್ 3 ಅಥವಾ 265ಎಸ್. ಎರಡನ್ನೂ ಅಂಗಡಿಯಲ್ಲಿ ಕಟ್ಟಿ, ಅಲ್ಲೇ ನಾಲ್ಕು ಸಲ ಕುಣಿದು ನೋಡಿ ತೆಗೆದುಕೊಳ್ಳುತ್ತೇನೆ. ಅಂಗಡಿಯವರು ಏನಾದರೂ ಅಂದುಕೊಳ್ಳಲಿ.